ದಿಂಬಿನೊಳಗೆ ಹೊಲಿದ ಹಸ್ತಪ್ರತಿ: ಆವಾದಲ್ಲಿ ಸಿಕ್ಕಿಬಿದ್ದ ಮಿಷನರಿ ದಂಪತಿಯ ಪ್ರಕರಣ, 1824–26

ಈ ಪ್ರಕರಣದ ಗಂಡ ಹೆಂಡತಿಯ ಹೆಸರನ್ನು ಬೇಕಂತಲೇ ಬಿಟ್ಟಿದ್ದೇನೆ. ಇನ್ನೂರು ವರ್ಷದ ಹಿಂದಿನ ಸಂಗತಿ, ಬಲ್ಲವರಿಗೆ ಸ್ವಲ್ಪ ಓದಿದ ಕೂಡಲೇ ಯಾರೆಂದು ಗೊತ್ತಾದೀತು. ಆದರೆ ಹೆಸರು ಬಂತೆಂದರೆ ಇದು ಸಂತರ ಕಥೆಯಾಗಿಬಿಡುತ್ತದೆ. ಅವರಿಗೆ ಕೈಮುಗಿಯುವವರೂ ಇದ್ದಾರೆ, ಮಿಷನರಿ ಎಂದರೆ ಮೂಗು ಮುರಿಯುವವರೂ ಇದ್ದಾರೆ. ಎರಡೂ ಕಡೆಯವರಿಗೆ ಆಗಲೇ ತೀರ್ಪು ಗೊತ್ತಿರುತ್ತದೆ. ನನಗೆ ಬೇಕಾಗಿದ್ದು ಬೇರೆ. 1824ರಲ್ಲಿ ಬ್ರಿಟಿಷರಿಗೂ ಬರ್ಮಾಕ್ಕೂ (ಈಗಿನ ಮ್ಯಾನ್ಮಾರ್) ಯುದ್ಧ ಶುರುವಾದಾಗ ಅಲ್ಲಿನ ರಾಜಧಾನಿ ಆವಾದಲ್ಲಿ ಸಿಕ್ಕಿಬಿದ್ದ ಪರದೇಶದ ಇಬ್ಬರು ಯಾವ ದಿನ ಏನು ನಿರ್ಧಾರ ಮಾಡಿದರು, ಯಾವುದು ಕೆಲಸಕ್ಕೆ ಬಂತು, ಯಾವುದು ಕೈಕೊಟ್ಟಿತು ಅನ್ನೋದು.

ಒಂದು ಎಚ್ಚರಿಕೆ ಮೊದಲೇ ಹೇಳಿಬಿಡುತ್ತೇನೆ. ಇಲ್ಲಿನ ವಿವರಗಳು ಜಾಸ್ತಿ ಇರುವುದು ಹೆಂಡತಿ 1826ರಲ್ಲಿ ತನ್ನ ಗಂಡನ ತಮ್ಮನಿಗೆ ಬರೆದ ಒಂದು ಉದ್ದದ ಪತ್ರದಲ್ಲಿ. ಅಂದರೆ ಇದು ಆಕೆ ಕಂಡ ಹಾಗೆ. ಬರ್ಮಾದ ಅಧಿಕಾರಿಯೊಬ್ಬ ಕೂತು ಬರೆದಿದ್ದರೆ ಬೇರೆ ಥರ ಕಾಣುತ್ತಿತ್ತೇನೋ.

ಅಲ್ಲಿಗೆ ಹೋಗಿ ಸೇರಿದ್ದು

ಇಬ್ಬರೂ ಅಮೆರಿಕದ ಮ್ಯಾಸಚೂಸೆಟ್ಸ್‌ನವರು. 1812ರ ಫೆಬ್ರವರಿ 5ಕ್ಕೆ ಮದುವೆ, 19ಕ್ಕೆ ಹಡಗು. ಅವನಿಗೆ 23, ಅವಳಿಗೆ 22. ಜೂನ್ 17ಕ್ಕೆ ಕಲ್ಕತ್ತಾದಲ್ಲಿ ಇಳಿದರು. ಮರುದಿನವೇ, ಅತ್ತ ವಾಷಿಂಗ್ಟನ್‌ನಲ್ಲಿ, ಅಮೆರಿಕ ಬ್ರಿಟನ್ನಿನ ಮೇಲೆ ಯುದ್ಧ ಸಾರಿತು. ಆ ಸುದ್ದಿ ಬಂಗಾಳ ಮುಟ್ಟಲು ತಿಂಗಳುಗಳೇ ಬೇಕಾದವು. ಈಸ್ಟ್ ಇಂಡಿಯಾ ಕಂಪನಿಗೆ ಮಿಷನರಿಗಳನ್ನು ಕಂಡರೆ ಮೊದಲೇ ಆಗುತ್ತಿರಲಿಲ್ಲ, ವ್ಯಾಪಾರಕ್ಕೆ ಅಡ್ಡಿ ಎಂದು. ಊರು ಬಿಡಿ ಎಂದು ಆಜ್ಞೆಯಾಯಿತು. ಮಾರಿಷಸ್‌ಗೆ ಹೋದರು, ಅಲ್ಲಿಂದ ಮದ್ರಾಸಿಗೆ ಬಂದರು, ಅಲ್ಲೂ ನಿಲ್ಲುವ ಹಾಗಿರಲಿಲ್ಲ. ಬಂದರಿನಲ್ಲಿ ಹೊರಡಲು ಸಿದ್ಧವಾಗಿದ್ದ ಹಡಗು ಬರ್ಮಾದ ಬಂದರು ರಂಗೂನಿಗೆ ಹೋಗುತ್ತಿತ್ತು. ಅದನ್ನೇ ಹತ್ತಿದರು. ಆ ಪಯಣದಲ್ಲಿ ಅವರ ಮೊದಲ ಮಗು ಸತ್ತೇ ಹುಟ್ಟಿತು. 1813ರ ಜುಲೈ 13ಕ್ಕೆ ರಂಗೂನ್.

ಈ ಒಂದು ಸಂಗತಿಯನ್ನು ಕೈಯಲ್ಲಿ ಹಿಡಿದಿಟ್ಟುಕೊಳ್ಳಿ. 1812ರಲ್ಲಿ ಇವರನ್ನು ಕಂಪನಿಯೇ ಹೊರಗೆ ಹಾಕಿತ್ತು. ಹನ್ನೆರಡು ವರ್ಷದ ಮೇಲೆ ಇವರ ಕಾಲಿಗೆ ಬೇಡಿ ಬಿದ್ದದ್ದು ಅದೇ ಕಂಪನಿಯ ಗೂಢಚಾರರು ಎಂಬ ಅನುಮಾನದ ಮೇಲೆ.

ರಂಗೂನಿನ ವರ್ಷಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಗಂಡ ಭಾಷೆ ಕಲಿತ. ಮೊದಲ ಬರ್ಮೀ ಶಿಷ್ಯ ಸಿಕ್ಕಲು ಆರು ವರ್ಷ ಹಿಡಿಯಿತು, 1819ರಲ್ಲಿ. ಎರಡನೇ ಮಗು, ಗಂಡು, ಎಂಟು ತಿಂಗಳಿಗೆ ತೀರಿಕೊಂಡಿತು. ಅಚ್ಚಿನ ಯಂತ್ರ, ಬರ್ಮೀ ಮೊಳೆಗಳು ಬಂಗಾಳದ ಶ್ರೀರಾಂಪುರದಿಂದ ಉಡುಗೊರೆಯಾಗಿ ಬಂದವು. (ನಮಗೂ ಆ ಊರಿನ ನಂಟಿದೆ. ಅಲ್ಲಿನ ವಿಲಿಯಂ ಕೇರಿ ಬರೆದ ಕನ್ನಡ ವ್ಯಾಕರಣ 1817ರಲ್ಲಿ ಅಚ್ಚಾಯಿತು.) 1823ರ ಬೇಸಿಗೆ ಕಳೆಯುವ ಹೊತ್ತಿಗೆ ಬೈಬಲ್ಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಯ ಬರ್ಮೀ ಅನುವಾದ ಮುಗಿದಿತ್ತು. ಅಚ್ಚಾಗಿರಲಿಲ್ಲ. ಇದ್ದದ್ದು ಒಂದು ಹಸ್ತಪ್ರತಿ.

ಹೆಂಡತಿಗೆ ಲಿವರ್ ಕಾಯಿಲೆ. ಎರಡು ವರ್ಷಕ್ಕೂ ಮೇಲೆ ಬರ್ಮಾದಿಂದ ದೂರ, ಇಂಗ್ಲೆಂಡ್ ಅಮೆರಿಕಗಳಲ್ಲಿದ್ದು ಚೇತರಿಸಿಕೊಂಡು 1823ರ ಡಿಸೆಂಬರ್ 5ಕ್ಕೆ ರಂಗೂನಿಗೆ ಮರಳಿದಳು. ಒಂದು ವಾರ ಕಳೆಯುವಷ್ಟರಲ್ಲಿ ಇಬ್ಬರೂ ದೋಣಿ ಹತ್ತಿ ಐರಾವತಿ ನದಿಯಲ್ಲಿ ಮೇಲಕ್ಕೆ, ರಾಜಧಾನಿ ಆವಾದ ಕಡೆಗೆ ಹೊರಟರು.

ಮೊದಲ ನಿರ್ಧಾರ: ಆವಾಕ್ಕೆ ಹೋಗುವುದು

ಯಾಕೆ ಹೋದರು? ಹಿಂದಿನ ವರ್ಷ ಇವರ ಜೊತೆಗಾರ ವೈದ್ಯನೊಬ್ಬನನ್ನು ರಾಜ ಬಗೀಡಾ ಕರೆಸಿಕೊಂಡಿದ್ದ. ಕಣ್ಣಿನ ಪೊರೆ ತೆಗೆಯುವುದರಲ್ಲಿ ಅವನ ಕೈ ಪಳಗಿತ್ತು. ದುಭಾಷಿಯಾಗಿ ಗಂಡನೂ ಜೊತೆಗೆ ಹೋಗಿದ್ದ. ಮನೆ ಕಟ್ಟಲು ಜಾಗ ಸಿಕ್ಕಿತ್ತು. ರಾಜನ ಕಣ್ಣ ಮುಂದೆ ಇದ್ದರೆ ಉಳಿದ ಕಡೆ ತೊಂದರೆ ಇರುವುದಿಲ್ಲ ಎಂಬ ಲೆಕ್ಕ.

ಲೆಕ್ಕ ತಪ್ಪಾಗಿರಲಿಲ್ಲ, ಕಾಲ ತಪ್ಪಾಗಿತ್ತು. ಆ ಸೆಪ್ಟೆಂಬರ್‌ನಲ್ಲೇ ಅರಕಾನ್ ಗಡಿಯ ಶಾಪುರಿ ದ್ವೀಪದಲ್ಲಿ ಕಂಪನಿಗೂ ಬರ್ಮಾಕ್ಕೂ ಜಟಾಪಟಿ ಆಗಿತ್ತು. ದಾರಿಯಲ್ಲಿ ಇವರ ಕಣ್ಣಿಗೇ ಸೈನ್ಯ ಬಿತ್ತು. ಸೇನಾಪತಿ ಮಹಾ ಬಂಡೂಲ ಚಿನ್ನದ ಬಣ್ಣದ ದೋಣಿಗಳ ದಂಡು ಕಟ್ಟಿಕೊಂಡು ಎದುರು ಬಂದ. ಯಾರು ನೀವು ಎಂದು ಇವರ ದೋಣಿಯನ್ನು ನಿಲ್ಲಿಸಿ ಕೇಳಿದರು. ನಾವು ಇಂಗ್ಲಿಷರಲ್ಲ, ಅಮೆರಿಕದವರು, ರಾಜನ ಅಪ್ಪಣೆಯಂತೆ ಹೋಗುತ್ತಿದ್ದೇವೆ ಎಂದರು. ಬಿಟ್ಟರು.

ನನ್ನ ಪ್ರಕಾರ ಹಿಂದಕ್ಕೆ ತಿರುಗಬೇಕಿದ್ದ ಜಾಗ ಇದು. ಆದರೆ ಆ ಉತ್ತರ ಅಲ್ಲಿ ಕೆಲಸ ಮಾಡಿತಲ್ಲ, ಅದೇ ಮೋಸವಾಯಿತು. ಒಮ್ಮೆ ನಡೆದ ಮಾತು ಯಾವಾಗಲೂ ನಡೆಯುತ್ತದೆ ಅಂದುಕೊಂಡರು.

ರಂಗೂನಿನಲ್ಲೇ ಉಳಿದಿದ್ದರೆ? ಅದಕ್ಕೂ ಉತ್ತರ ಇದೆ. ಅಲ್ಲಿ ಉಳಿದ ಇಬ್ಬರು ಸಹೋದ್ಯೋಗಿಗಳನ್ನು 1824ರ ಮೇ ತಿಂಗಳಲ್ಲಿ, ಬ್ರಿಟಿಷ್ ಹಡಗುಗಳು ಬಂದರಿಗೆ ಬಂದಾಗ, ಬರ್ಮಾದವರು ಹಿಡಿದು ಕಟ್ಟಿಹಾಕಿದರು. ಮೊದಲ ಗುಂಡು ಹಾರಿದ ಕೂಡಲೇ ತಲೆ ತೆಗೆಯಿರಿ ಎಂದು ಅಪ್ಪಣೆಯಾಗಿತ್ತು. ಫಿರಂಗಿ ಗುಡುಗಿದಾಗ ತಲೆ ತೆಗೆಯಬೇಕಾದವರೇ ಹೆದರಿ ಮೂಲೆ ಸೇರಿದರು. ಮರುದಿನ ಆ ಇಬ್ಬರೂ ಬ್ರಿಟಿಷರ ಕೈಸೇರಿ ಬಚಾವಾದರು. ಆವಾಕ್ಕೆ ಹೋದವರಿಗೆ ಅದು ಸುಮಾರು ಎರಡು ವರ್ಷ ಆಯಿತು.

ಲೆಕ್ಕದ ಪುಸ್ತಕ

ಯುದ್ಧದ ಸುದ್ದಿ ಆವಾ ತಲುಪಿದ್ದು ಮೇ ಕೊನೆಯಲ್ಲಿ. ರಂಗೂನ್ ಬಿದ್ದಿದೆ ಎಂದು ಗೊತ್ತಾದ ಮೇಲೆ ಊರಿನಲ್ಲಿದ್ದ ಮೂವರು ಇಂಗ್ಲಿಷರನ್ನು ಮೊದಲು ಹಿಡಿದರು. ಗಂಡನನ್ನೂ ವೈದ್ಯನನ್ನೂ ಕರೆಸಿ ವಿಚಾರಿಸಿದರು. ದೇಶದ ಸ್ಥಿತಿಗತಿಯನ್ನು ಹೊರಗಿನವರಿಗೆ ಬರೆದು ತಿಳಿಸಿದ್ದೀರಾ? ಅಮೆರಿಕದ ಗೆಳೆಯರಿಗೆ ಪತ್ರ ಬರೆಯುತ್ತೇವೆ, ಬಂಗಾಳದ ಸರ್ಕಾರದ ಜೊತೆ ನಮಗೆ ವ್ಯವಹಾರ ಇಲ್ಲ ಎಂದರು. ಬಿಟ್ಟು ಕಳಿಸಿದರು. ಇದು ಎರಡನೇ ಸಲ ಆ ಉತ್ತರ ಕೆಲಸ ಮಾಡಿದ್ದು.

ಮೂರನೇ ಸಲ ಮಾಡಲಿಲ್ಲ. ಆ ಮೂವರಲ್ಲಿ ಒಬ್ಬ ವ್ಯಾಪಾರಿ. ಅವನ ಲೆಕ್ಕದ ಪುಸ್ತಕ ತೆಗೆದು ನೋಡಿದರೆ ಈ ಇಬ್ಬರು ಅಮೆರಿಕದವರಿಗೆ ಅವನು ದೊಡ್ಡ ದೊಡ್ಡ ಮೊತ್ತ ಕೊಟ್ಟದ್ದು ಬರೆದಿತ್ತು. ವಿಷಯ ಸರಳ, ನಮ್ಮ ಹುಂಡಿ ವ್ಯವಹಾರದ ಹಾಗೇ. ಅಮೆರಿಕದಿಂದ ಬರುವ ಹಣ ಬಂಗಾಳದಲ್ಲಿ ಜಮಾ ಆಗುತ್ತಿತ್ತು. ಇವರು ಬಂಗಾಳದ ಮೇಲೆ ಒಂದು ಚೀಟಿ ಬರೆದುಕೊಡುತ್ತಿದ್ದರು, ವ್ಯಾಪಾರಿ ಆವಾದಲ್ಲಿ ಬೆಳ್ಳಿ ಎಣಿಸುತ್ತಿದ್ದ. ಅಷ್ಟು ದೂರಕ್ಕೆ ಬೆಳ್ಳಿ ಹೊತ್ತುಕೊಂಡು ಬರುವುದಕ್ಕಿಂತ ಅದೇ ಕ್ಷೇಮ.

ಆದರೆ ಆ ವ್ಯವಸ್ಥೆಯನ್ನೇ ಕಂಡಿರದ ದರ್ಬಾರಿನವರ ಕಣ್ಣಿಗೆ ಅದು ಹೇಗೆ ಕಂಡೀತು? ಶತ್ರು ದೇಶದವನೊಬ್ಬ ಇವರಿಗೆ ತಿಂಗಳು ತಿಂಗಳು ಹಣ ಕೊಡುತ್ತಿದ್ದಾನೆ. ಇವರು ಅವನ ಭಾಷೆಯನ್ನೇ ಆಡುತ್ತಾರೆ, ಅವನ ಹಾಗೇ ಬಟ್ಟೆ ತೊಡುತ್ತಾರೆ. ಅಮೆರಿಕ ಬೇರೆ, ಇಂಗ್ಲೆಂಡ್ ಬೇರೆ, ಇಬ್ಬರೂ ಮೊನ್ನೆ ಮೊನ್ನೆ ಯುದ್ಧ ಮಾಡಿದವರು ಎಂದರೆ ಯಾರು ನಂಬುತ್ತಾರೆ? ನಾನು ಆ ಅಧಿಕಾರಿಯ ಜಾಗದಲ್ಲಿದ್ದರೂ ನಂಬುತ್ತಿರಲಿಲ್ಲ.

ಜೂನ್ 8ರಂದು, ಊಟದ ಹೊತ್ತಿಗೆ, ಅಧಿಕಾರಿಯೊಬ್ಬ ಹತ್ತಾರು ಜನರನ್ನು ಕರೆದುಕೊಂಡು ಬಂದ. ಒಬ್ಬನ ಮುಖದ ಮೇಲೆ ಹಚ್ಚೆ. ಜೈಲಿನ ಕಾವಲಿನವರು ಒಂದು ಕಾಲದ ಅಪರಾಧಿಗಳೇ, ಮುಖದ ಗುರುತು ಅದಕ್ಕೆ. ಗಂಡನನ್ನು ಕೆಡವಿ ಸಣ್ಣ ಹಗ್ಗದಿಂದ ತೋಳು ಬಿಗಿದರು. ಹಗ್ಗ ಸಡಿಲ ಮಾಡಿ ಎಂದು ಆಕೆ ಹಣ ನೀಡಿದಳು. ಆಗಲಿಲ್ಲ. ಎಳೆದುಕೊಂಡು ಹೋದರು. ಹೋದದ್ದು ಲೆಟ್ ಮಾ ಯೂನ್ ಎಂಬ ಮರಣದಂಡನೆಯವರ ಜೈಲಿಗೆ. ಕೈ ಹಿಂದೆಗೆಯಬೇಡ ಎಂದು ಆ ಹೆಸರಿನ ಅರ್ಥವಂತೆ. ಕಾಲಿಗೆ ಮೂರು ಜೊತೆ ಬೇಡಿ. ರಾತ್ರಿ ಎಲ್ಲರ ಕಾಲ ನಡುವೆ ಒಂದು ಬಿದಿರು ತೂರಿಸಿ ಅದನ್ನು ಮೇಲಕ್ಕೆತ್ತುತ್ತಿದ್ದರು. ಹೆಗಲು ನೆಲಕ್ಕೆ, ಕಾಲು ಗಾಳಿಯಲ್ಲಿ.

ಅದೇ ರಾತ್ರಿ ಆಕೆ ಮಾಡಿದ್ದು

ಮನೆಯ ಸುತ್ತ ಕಾವಲು ಬಿತ್ತು. ಆಕೆ ಒಳಗೆ ಬಾಗಿಲು ಹಾಕಿಕೊಂಡಳು. ಅತ್ತುಕೊಂಡು ಕೂರಬಹುದಿತ್ತು. ಮೊದಲು ಮಾಡಿದ ಕೆಲಸ ಎಂದರೆ ಮನೆಯಲ್ಲಿದ್ದ ಪತ್ರ, ದಿನಚರಿ, ಬರೆದಿಟ್ಟ ಟಿಪ್ಪಣಿ, ಎಲ್ಲವನ್ನೂ ನಾಶ ಮಾಡಿದ್ದು. ಇಂಗ್ಲೆಂಡಿನಲ್ಲೂ ಅವರಿಗೆ ಗೆಳೆಯರಿದ್ದರು, ಪತ್ರ ವ್ಯವಹಾರವಿತ್ತು. ಬಂದಾಗಿನಿಂದ ಕಂಡದ್ದನ್ನೆಲ್ಲ ಬರೆದಿಟ್ಟಿದ್ದರು. ಲೆಕ್ಕದ ಪುಸ್ತಕವೇ ಗಂಡನನ್ನು ಜೈಲಿಗೆ ಕಳಿಸಿರುವಾಗ ದಿನಚರಿ ಸಿಕ್ಕರೆ ಗತಿ ಏನು? ಇಡೀ ಪ್ರಕರಣದಲ್ಲಿ ಅತಿ ಮುಖ್ಯವಾದ ಒಂದು ಗಂಟೆ ಇದೇ ಎಂದು ನನಗನ್ನಿಸುತ್ತದೆ. ಆಕೆಗೆ ಆಗ ಮೂವತ್ತನಾಲ್ಕು ವರ್ಷ. ಹೊಟ್ಟೆಯಲ್ಲಿ ಮಗು.

ಉಳಿಸಿಕೊಂಡದ್ದು ಎರಡು. ಒಂದಿಷ್ಟು ಬೆಳ್ಳಿ, ಮತ್ತು ಅನುವಾದದ ಹಸ್ತಪ್ರತಿ. ಎರಡನ್ನೂ ಅಡಗಿಸಿದಳು. ಹಸ್ತಪ್ರತಿ ಮನೆಯ ಕೆಳಗೆ ಮಣ್ಣಿಗೆ ಹೋಯಿತು.

ಮುಂದೆ ಆಸ್ತಿ ಜಪ್ತಿಗೆ ಅಧಿಕಾರಿಗಳು ಬಂದರು. ವ್ಯಾಪಾರಿಯ ಮನೆಯಿಂದ 50,000 ರೂಪಾಯಿಯಷ್ಟು ಹೋಗಿತ್ತು. ಚಿನ್ನ, ಬೆಳ್ಳಿ, ಒಡವೆ ಎಲ್ಲಿ ಎಂದರು. ಚಿನ್ನ ಒಡವೆ ಇಲ್ಲ, ಬೆಳ್ಳಿಯ ಪೆಟ್ಟಿಗೆಯ ಬೀಗದ ಕೈ ಇಲ್ಲಿದೆ ಎಂದು ತಾನೇ ಕೊಟ್ಟಳು. ತೂಕ ಮಾಡುವಾಗ ಹೇಳಿದಳು: ಇದು ನಮ್ಮ ದೇಶದ ಭಕ್ತರು ಗುರುವಿಗೊಂದು ಕ್ಯಾಂಗ್ ಕಟ್ಟಿಸಲು ಕೂಡಿಸಿ ಕಳಿಸಿದ ಹಣ, ಇದನ್ನು ತೆಗೆದುಕೊಳ್ಳುವುದು ಸರಿಯೇ? ಕ್ಯಾಂಗ್ ಎಂದರೆ ಭಿಕ್ಷುಗಳ ಮಠ. ಬೌದ್ಧ ದೇಶದಲ್ಲಿ ಧರ್ಮಕ್ಕೆ ಕೊಟ್ಟದ್ದನ್ನು ಮುಟ್ಟುವುದು ಪಾಪ. ರಾಜನಿಗೆ ತಿಳಿಸುತ್ತೇವೆ, ವಾಪಸ್ ಕೊಟ್ಟರೂ ಕೊಟ್ಟಾನು ಎಂದು ಹೇಳಿ ಅಧಿಕಾರಿಗಳು ಪೆಟ್ಟಿಗೆಯ ಬೆಳ್ಳಿಯನ್ನು ಒಯ್ದರು. ಅಡಗಿಸಿಟ್ಟದ್ದು ಸುರಕ್ಷಿತವಾಗಿ ಉಳಿಯಿತು.

ಇಲ್ಲಿ ಆಕೆ ತನ್ನ ಧರ್ಮದ ಮಾತನ್ನು ಅವರ ಧರ್ಮದ ಮಾತಿನಲ್ಲಿ ಹೇಳಿದಳು. ಹನ್ನೊಂದು ವರ್ಷ ಆ ನಾಡಿನ ಮಾತಿನ ಜೊತೆ ಒಡನಾಡಿದ್ದರ ಫಲ ಅದು. ಅಡಗಿಸಿಟ್ಟ ಆ ಬೆಳ್ಳಿ ಇಲ್ಲದಿದ್ದರೆ ಮುಂದಿನ ಯಾವುದೂ ನಡೆಯುತ್ತಿರಲಿಲ್ಲ.

ದೊಡ್ಡ ಬಾಗಿಲು, ಸಣ್ಣ ಬಾಗಿಲು

ಏನೇನು ಪ್ರಯತ್ನಿಸಿದಳು ಎನ್ನುವುದನ್ನು ಎರಡು ಭಾಗ ಮಾಡಿ ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ.

ಒಂದು, ಮೇಲಿನವರ ಹತ್ತಿರ ಹೋಗುವುದು. ರಾಣಿಯ ನಾದಿನಿಯನ್ನು ಕಂಡು ಕಾಣಿಕೆ ಕೊಟ್ಟು ಗೋಗರೆದಳು. ಇಂಥ ಕಷ್ಟ ನಿನ್ನ ಗಂಡನೊಬ್ಬನದೇ ಅಲ್ಲ, ನಾನೇನು ಮಾಡಲಿ ಎಂಬ ಉತ್ತರ ಬಂತು. ಕೊಲ್ಲುವುದಿಲ್ಲ, ಆದರೆ ಇದ್ದಲ್ಲೇ ಇರಬೇಕು ಎಂದು ಆಮೇಲೆ ಹೇಳಿಕಳಿಸಿದರು. ಏಳು ತಿಂಗಳು, ಒಂದು ದಿನವೂ ಬಿಡದೆ ಅನ್ನುವ ಹಾಗೆ, ಮಂತ್ರಿಗಳ ಮನೆ, ರಾಜವಂಶದವರ ಮನೆ ಸುತ್ತಿದಳು. ಆ ಎಲ್ಲ ಸುತ್ತಾಟದಿಂದ ಒಂದು ಬೇಡಿಯೂ ಕಳಚಲಿಲ್ಲ.

ಇನ್ನೊಂದು, ಕೆಳಗಿನವರ ಹತ್ತಿರ ಹೋಗುವುದು. ನಗರದ ಉತ್ತರ ಬಾಗಿಲಿನ ಅಧಿಕಾರಿ, ಜೈಲು ಅವನ ಕೈಕೆಳಗೆ. ವಯಸ್ಸಾದವನು. ಅವನಿಗೆ ಕಾಣಿಕೆ ಕಳಿಸಿದಳು, ಕಾವಲಿನಿಂದ ಹೊರಗೆ ಬರಲು ಅನುಮತಿ ಸಿಕ್ಕಿತು. ಅವನು ತೋರಿಸಿದ ಕೆಳಗಿನ ಅಧಿಕಾರಿಯ ಕಿವಿಯಲ್ಲಿ ಮಾತಾಡಿದಳು: 200 ಟಿಕಲ್ ಬೆಳ್ಳಿ, ಅಂದರೆ ಸುಮಾರು ನೂರು ಡಾಲರ್, ಜೊತೆಗೆ ಬಟ್ಟೆ. ಬೆಳ್ಳಿ ಅವಳ ಹತ್ತಿರವೇ ಇತ್ತು, ಬಟ್ಟೆ ಇರಲಿಲ್ಲ. ಚೌಕಾಸಿ ಮಾಡಿದಳು. ಗಂಡ ಒಳಗಿನ ಕೋಣೆಯಿಂದ ಅಂಗಳದ ಚಪ್ಪರಕ್ಕೆ ಬಂದ. ಅಷ್ಟೇ. ಆದರೆ ಗಾಳಿ ಬೆಳಕಿಲ್ಲದ ಕೋಣೆಗೂ ಚಪ್ಪರಕ್ಕೂ ಇರುವ ವ್ಯತ್ಯಾಸ ಎಂದರೆ ಸಾವು ಬದುಕಿನ ವ್ಯತ್ಯಾಸ.

ಲಂಚ ಕೊಟ್ಟಳಲ್ಲ ಎನ್ನುವವರು ಇರುತ್ತಾರೆ. ಕೊಟ್ಟಳು. ಊಟ ಒಳಗೆ ಕಳಿಸಲು ಕೊಟ್ಟಳು, ಮಾತಾಡಲು ಕೊಟ್ಟಳು, ಬಿದಿರಿನ ಗುಡಿಸಲು ಹಾಕಿಸಲು ಕೊಟ್ಟಳು. ಒಮ್ಮೆ ಗಂಡನಿಗೆ ಊರಿನ ನೆನಪಾಗಲಿ ಎಂದು ಎಮ್ಮೆ ಮಾಂಸಕ್ಕೆ ಬಾಳೆಹಣ್ಣು ಸೇರಿಸಿ ತಮ್ಮ ಕಡೆಯ ಒಂದು ಹಬ್ಬದ ತಿಂಡಿ ಮಾಡಿ ಕಳಿಸಿದಳು. ಅವನು ಅದನ್ನು ನೋಡಿ ತಿನ್ನಲಾಗದೆ ಪಕ್ಕದವನಿಗೆ ಕೊಟ್ಟು ಅತ್ತನಂತೆ. ಆಕೆ ಬರ್ಮೀ ಹೆಂಗಸರ ಉಡುಗೆಗೆ ಬದಲಾದಳು. ಬೀದಿಯಲ್ಲಿ ಕಲ್ಲು ಬೀಳದಿರಲಿ, ಕಚೇರಿಯಲ್ಲಿ ಮಾತು ಬೆಳೆಯಲಿ ಅನ್ನೋ ಲೆಕ್ಕ ಇರಬೇಕು.

ಉತ್ತರ ಬಾಗಿಲಿನ ಮುದುಕನ ಮನೆಗೆ ಹೋಗಿ ಕೂತು ಹೊತ್ತು ಕಳೆಯುತ್ತಿದ್ದಳು. ಅಮೆರಿಕದವರು ಹೇಗೆ ಬದುಕುತ್ತಾರೆ, ಏನು ರಿವಾಜು, ಅವನಿಗೆ ಕೇಳುವ ಚಪಲ. ಇದು ಸುಮ್ನೆ ಹರಟೆಯ ಹಾಗೆ ಕಾಣುತ್ತದೆ. ಅದರ ಬೆಲೆ ಗೊತ್ತಾದದ್ದು 1825ರ ಮಾರ್ಚ್‌ನಲ್ಲಿ.

ಅಷ್ಟರಲ್ಲಿ ಹೆರಿಗೆಯಾಗಿತ್ತು. ಜನವರಿ 26ಕ್ಕೆ ಹೆಣ್ಣು ಮಗು. ನಮ್ಮಲ್ಲಾದರೆ ಬಾಣಂತಿ ಕೋಣೆ ಬಿಟ್ಟು ಆಚೆ ಬರುವ ಹಾಗಿಲ್ಲ. ಈಕೆ ಇಪ್ಪತ್ತು ದಿನದ ಕೂಸನ್ನು ಎತ್ತಿಕೊಂಡು ಜೈಲಿನ ಬಾಗಿಲಿಗೆ ನಡೆದಳು, ಅಪ್ಪನಿಗೆ ತೋರಿಸಲು.

ಮಾರ್ಚ್‌ನಲ್ಲಿ ಇದ್ದಕ್ಕಿದ್ದಂತೆ ಬಿಳಿಯ ಕೈದಿಗಳನ್ನೆಲ್ಲ ಮತ್ತೆ ಒಳಕೋಣೆಗೆ ತಳ್ಳಿದರು. ಐದೈದು ಜೊತೆ ಬೇಡಿ. ನೂರಕ್ಕಿಂತ ಜಾಸ್ತಿ ಜನ ಒಂದೇ ಕೋಣೆಯಲ್ಲಿ, ಕಿಟಕಿ ಇಲ್ಲ, ಬೇಸಿಗೆ. ಆಕೆ ಮುದುಕನ ಹತ್ತಿರ ಓಡಿದಳು. ಅವನು ಅತ್ತ. ರಾಣಿಯ ಅಣ್ಣನಿಂದ ನನಗೆ ಮೂರು ಸಲ ಅಪ್ಪಣೆ ಬಂದಿದೆ, ಇವರನ್ನು ಗುಟ್ಟಾಗಿ ಮುಗಿಸಿಬಿಡು ಎಂದು. ನಾನು ಮಾಡಿಲ್ಲ. ಉಳಿದವರನ್ನೆಲ್ಲ ಕೊಂದರೂ ನಿನ್ನ ಗಂಡನನ್ನು ಕೊಲ್ಲುವುದಿಲ್ಲ. ಆದರೆ ಆ ಕೋಣೆಯಿಂದ ಬಿಡಿಸು ಎಂದು ಮಾತ್ರ ಕೇಳಬೇಡ.

ರಾಜನಿಗೆ ಕೊಟ್ಟ ಅಹವಾಲುಗಳು ಏನೂ ಮಾಡಲಿಲ್ಲ. ಒಬ್ಬ ನಡುಮಟ್ಟದ ಅಧಿಕಾರಿ ಮೂರು ಸಲ ಕೈ ಕಟ್ಟಿ ಕೂತದ್ದರಿಂದ ಜೀವ ಉಳಿಯಿತು. ಅವನಿಗೆ ಆ ಕೈದಿ ಬರೀ ಬಿಳಿಯ ಕೈದಿಯಾಗಿರಲಿಲ್ಲ, ತನ್ನ ಮನೆಗೆ ಬಂದು ಕೂತು ಮಾತಾಡುವ ಹೆಂಗಸಿನ ಗಂಡನಾಗಿದ್ದ.

ದಿಂಬು

ಹಸ್ತಪ್ರತಿಯ ಕಥೆಯನ್ನೂ ಇಲ್ಲೇ ಹೇಳಬೇಕು. ಮಳೆಗಾಲ ಬಂದರೆ ನೆಲದೊಳಗೆ ಇಟ್ಟ ಕಾಗದ ಬೂಷ್ಟು ಹಿಡಿಯುತ್ತದೆ. ಮನೆಯೊಳಗೆ ಇಟ್ಟರೆ ಜಪ್ತಿಯ ಭಯ. ಆಕೆ ಅದನ್ನು ಹತ್ತಿಯಲ್ಲಿ ಸುತ್ತಿ ಹೊಲಿದು ಒಂದು ದಿಂಬು ಮಾಡಿದಳು. ಎಷ್ಟು ಗಟ್ಟಿ, ಎಷ್ಟು ಕೊಳಕು ಎಂದರೆ ಜೈಲಿನವರಿಗೂ ಬೇಡವೆನಿಸಬೇಕು. ಗಂಡ ಅದರ ಮೇಲೆ ತಲೆಯಿಟ್ಟು ಮಲಗಿದ.

ಕೈದಿಗಳನ್ನು ಬೇರೆಡೆಗೆ ಸಾಗಿಸಿದ ದಿನ ಕಾವಲಿನವನೊಬ್ಬ ಮೇಲಿನ ಚಾಪೆ ಹೊದಿಕೆಯನ್ನು ಕಿತ್ತುಕೊಂಡು ಒಳಗಿನ ಗಟ್ಟಿ ಉಂಡೆಯನ್ನು ಬಿಸಾಡಿದ. ಅವರ ಬರ್ಮೀ ಶಿಷ್ಯನೊಬ್ಬ ಅದನ್ನು ಕಂಡು, ಗುರುವಿನ ನೆನಪಿಗೆ ಇರಲಿ ಎಂದು ಮನೆಗೆ ಒಯ್ದ. ಅದರೊಳಗೆ ಏನಿದೆ ಎಂದು ಅವನಿಗೆ ಗೊತ್ತಿರಲಿಲ್ಲ. ತಿಂಗಳುಗಳ ಮೇಲೆ ಬಿಚ್ಚಿ ನೋಡಿದಾಗ ಹಾಳೆಗಳು ಹಾಗೇ ಇದ್ದವು. 1832ರಲ್ಲಿ ಅದು ಅಚ್ಚಾಯಿತು. ಹೊಲಿದದ್ದು ಜಾಣತನ ನಿಜ, ಉಳಿದದ್ದು ಮಾತ್ರ ಒಬ್ಬನ ಪ್ರೀತಿಯಿಂದ, ಅದೂ ಆಕಸ್ಮಿಕವಾಗಿ.

ಮೇ 2

1825ರ ಮೇ 2ರಂದು ಉತ್ತರ ಬಾಗಿಲಿನ ಅಧಿಕಾರಿ ಆಕೆಯನ್ನು ತುರ್ತಾಗಿ ಕರೆಸಿದ. ಹೋದರೆ, ಅವನ ಗಡಿಯಾರದ ವಿಷಯ ಕೇಳುತ್ತಾ ಏನೇನೋ ಮಾತಾಡುತ್ತಾ ಕೂರಿಸಿಕೊಂಡ. ಹೊರಗೆ ಬರುವಷ್ಟರಲ್ಲಿ ಜೈಲು ಖಾಲಿ. ಅವಳ ಕಣ್ಣೆದುರು ಎಳೆದೊಯ್ಯುವುದು ಬೇಡವೆಂದು ಮುದುಕ ಹಾಗೆ ಮಾಡಿದ್ದ. ಗಂಡನಿಗೆ ಇನ್ನು ನಿನ್ನಿಂದ ಏನೂ ಆಗುವುದಿಲ್ಲ, ನಿನ್ನನ್ನು ನೋಡಿಕೋ ಎಂದ.

ಕೈದಿಗಳನ್ನು ಹಗಲು ಹನ್ನೊಂದಕ್ಕೆ, ಬರಿಗಾಲಿನಲ್ಲಿ, ಕಾದ ಮರಳಿನ ಮೇಲೆ ಅಮರಪುರದ ಕಡೆಗೆ ಹೊರಡಿಸಿದ್ದರು. ಸ್ವಲ್ಪ ದೂರಕ್ಕೇ ಅಂಗಾಲಿನ ಚರ್ಮ ಸುಲಿಯಿತು. ಜೊತೆಗಿದ್ದ ಒಬ್ಬ ಗ್ರೀಕ್ ಕೈದಿ ಅದೇ ದಿನ ಸತ್ತ. ವ್ಯಾಪಾರಿಯ ಬಂಗಾಳಿ ಆಳು ತನ್ನ ರುಮಾಲು ಹರಿದು ಈಕೆಯ ಗಂಡನ ಕಾಲಿಗೆ ಸುತ್ತಿದ, ಉಳಿದ ದಾರಿ ಹೆಗಲು ಕೊಟ್ಟು ಎತ್ತಿಕೊಂಡ ಹಾಗೇ ನಡೆಸಿದ. ಮುಟ್ಟಿದ್ದು ಔಂಗ್‌ಬಿನ್ಲೆ ಎಂಬ ಹಳ್ಳಿಗೆ.

ಆಕೆ ಹಿಂದೆಯೇ ಹೊರಟಳು. ಮೂರು ತಿಂಗಳ ಕೂಸು, ಸಾಕಿಕೊಂಡಿದ್ದ ಇಬ್ಬರು ಬರ್ಮೀ ಹುಡುಗಿಯರು, ಒಬ್ಬ ಬಂಗಾಳಿ ಅಡುಗೆಯವ. ಒಂದಿಷ್ಟು ದೂರ ದೋಣಿ, ಒಂದಿಷ್ಟು ದೂರ ಎತ್ತಿನ ಗಾಡಿ. ಜೈಲರ್‌ನ ಮನೆಯಲ್ಲಿ ಅರ್ಧ ಧಾನ್ಯ ತುಂಬಿದ್ದ ಕೋಣೆಯೊಂದು ಸಿಕ್ಕಿತು. ಆರು ತಿಂಗಳು ಅದೇ ಮನೆ.

ದೊಡ್ಡ ಹುಡುಗಿಗೆ ಸಿಡುಬು ಬಂತು. ಆಮೇಲೆ ಕೂಸಿಗೂ ಬಂತು. ಆಕೆ ಉಳಿದ ಹುಡುಗಿಗೂ ಜೈಲರ್‌ನ ಮಕ್ಕಳಿಗೂ ಸೂಜಿಯಿಂದ ಸಿಡುಬು ಹಾಕಿದಳು, ಅಂದರೆ ಹಗುರವಾಗಿ ಬಂದು ಹೋಗಲಿ ಎಂದು ಬೇಕಂತಲೇ ಸೋಂಕು ಹತ್ತಿಸಿದಳು. ಅವರಿಗೆ ಹಗುರವಾಗಿ ಬಂದು ಹೋಯಿತು, ಊರಿನವರು ತಮ್ಮ ಮಕ್ಕಳನ್ನೂ ಕರೆತಂದರು. ಕೊನೆಗೆ ಆಕೆಯೇ ಮಲಗಿದಳು. ಎದೆಹಾಲು ನಿಂತಿತು. ಕಾವಲಿನವರಿಗೆ ಕಾಣಿಕೆ ಕೊಟ್ಟು, ಗಂಡ ಬೇಡಿ ಹಾಕಿಕೊಂಡೇ ಮಗುವನ್ನು ಎತ್ತಿಕೊಂಡು ಮನೆ ಮನೆಗೆ ಹೋಗಿ ಮೊಲೆಯೂಡುವ ತಾಯಂದಿರನ್ನು ಬೇಡಿದ. ಅಡುಗೆಯವ ನೀರು ಹೊತ್ತ, ಸೌದೆ ತಂದ, ಮುಟ್ಟಬಾರದ್ದನ್ನೆಲ್ಲ ಮುಟ್ಟಿದ. ಜಾತಿ ಎನ್ನುವುದನ್ನೇ ಅವನು ಮರೆತ ಹಾಗಿತ್ತು ಎಂದು ಆಕೆ ಬರೆದಿದ್ದಾಳೆ. ಸಂಬಳ ಸಿಗುವ ಭರವಸೆ ಅವನಿಗೆ ಯಾವತ್ತೋ ಹೋಗಿತ್ತು.

ಔಂಗ್‌ಬಿನ್ಲೆಗೆ ಕಳಿಸಿದ್ದು ಬಲಿ ಕೊಡಲು. ಬಂಡೂಲ ಏಪ್ರಿಲ್‌ನಲ್ಲಿ ದಾನುಬ್ಯುವಿನಲ್ಲಿ ಸತ್ತಿದ್ದ, ಅವನ ಜಾಗಕ್ಕೆ ಬಂದ ಅಧಿಕಾರಿಯ ಯೋಜನೆ ಅದು. ಆದರೆ ರಾಜದ್ರೋಹದ ಆರೋಪದ ಮೇಲೆ ಅವನೇ ಮೊದಲು ಸತ್ತ. ಇದರಲ್ಲಿ ಯಾರ ಜಾಣತನವೂ ಇಲ್ಲ.

ಬಿಡುಗಡೆ

ಬ್ರಿಟಿಷ್ ಸೈನ್ಯ ನದಿಯಲ್ಲಿ ಮೇಲೆ ಬರುತ್ತಿದ್ದ ಹಾಗೆ ದರ್ಬಾರಿಗೆ ಒಂದು ಕೊರತೆ ಕಂಡಿತು. ಇಂಗ್ಲಿಷ್ ಕಾಗದ ಓದಿ ಬರ್ಮೀಯಲ್ಲಿ ಹೇಳುವವರು ಬೇಕು. ನವೆಂಬರ್‌ನಲ್ಲಿ ಕೈದಿಯನ್ನು ಕರೆಸಿ ಬರ್ಮೀ ಸೈನ್ಯದ ಮಲೂನ್ ಶಿಬಿರಕ್ಕೆ ಕಳಿಸಿದರು. ಗೂಢಚಾರ ಎಂದು ಹಿಡಿಸಿದ ಆ ಇಂಗ್ಲಿಷೇ ಈಗ ಅವನನ್ನು ಹೊರಗೆ ತಂದಿತು. ಅವನೇ ಕೊಟ್ಟ ಲೆಕ್ಕ ಹೀಗಿದೆ: 9 ತಿಂಗಳು ಮೂರು ಜೊತೆ ಬೇಡಿ, 2 ತಿಂಗಳು ಐದು ಜೊತೆ, 6 ತಿಂಗಳು ಒಂದು ಜೊತೆ, 2 ತಿಂಗಳು ಬೇಡಿಯಿಲ್ಲದ ಕೈದಿ.

ವಾಪಸ್ ಬಂದಾಗ ಮನೆಯಲ್ಲಿ ಬರ್ಮೀ ದಾದಿಯ ತೊಡೆಯ ಮೇಲೆ ಕೊಳೆಯಾದ ಒಂದು ಮಗು. ತನ್ನದೇ ಎಂದು ಅವನಿಗೆ ಗೊತ್ತಾಗಲಿಲ್ಲ. ಹಾಸಿಗೆಯಲ್ಲಿ ತಲೆಗೂದಲು ತೆಗೆದ ಹೆಂಡತಿ. ಅವನಿಗೆ ಮತ್ತೆ ಜೈಲು ಆಗುವುದಿತ್ತು, ಉತ್ತರ ಬಾಗಿಲಿನ ಮುದುಕನೇ ಜಾಮೀನು ನಿಂತು ತನ್ನ ಮನೆಗೆ ಕರೆದೊಯ್ದ.

1826ರ ಫೆಬ್ರವರಿ 24ಕ್ಕೆ ಯಾಂಡಬೂ ಒಪ್ಪಂದ. ಬರ್ಮಾ ಒಂದು ಕೋಟಿ ರೂಪಾಯಿ ಕೊಡಬೇಕು, ಅರಕಾನ್, ತೆನಸ್ಸೆರಿಂ ಎಂಬ ಕರಾವಳಿ ಪ್ರಾಂತ್ಯಗಳನ್ನು ಬಿಡಬೇಕು, ಅಸ್ಸಾಂ ಮಣಿಪುರದ ತಂಟೆಗೆ ಬರಬಾರದು. ಬ್ರಿಟಿಷ್ ಶಿಬಿರದಲ್ಲಿ ಜನರಲ್ ಆರ್ಚಿಬಾಲ್ಡ್ ಕ್ಯಾಂಬೆಲ್ ಔತಣ ಕೊಟ್ಟ. ಬರ್ಮೀ ಪ್ರತಿನಿಧಿಗಳಲ್ಲಿ ಒಬ್ಬ ಆಕೆಯನ್ನು ನೋಡಿ ಬಿಳಿಚಿಕೊಂಡ. ಹಿಂದೆ ಗಂಡ ಜ್ವರದಲ್ಲಿದ್ದಾಗ ಮೈಲಿಗಟ್ಟಲೆ ನಡೆದು ಇವನ ಮನೆಗೆ ಹೋಗಿದ್ದಳು. ಮಧ್ಯಾಹ್ನದವರೆಗೆ ಕಾಯಿಸಿ, ಆಗುವುದಿಲ್ಲ ಎಂದು, ಹೋಗುವಾಗ ಅವಳ ರೇಷ್ಮೆ ಕೊಡೆಯನ್ನೂ ಕಿತ್ತುಕೊಂಡಿದ್ದ. ಬಿಸಿಲು ತಡೆಯಲು ಕಾಗದದ ಕೊಡೆಯಾದರೂ ಕೊಡಿ ಎಂದರೆ, ನಿನ್ನಷ್ಟು ಬಡಕಲಾದವರು ಬಿಸಿಲಿನ ಕಣ್ಣಿಗೆ ಬೀಳುವುದಿಲ್ಲ ಎಂದು ನಕ್ಕಿದ್ದ. ಆಕೆ ಈಗ ಅವನ ಭಾಷೆಯಲ್ಲೇ, ಹೆದರಬೇಡಿ ಎಂದಳು.

ಇದರಿಂದ ಕಲಿಯುವುದು

ನಾವು ಯಾವ ಪಕ್ಷದವರೂ ಅಲ್ಲ ಅನ್ನೋದು ನಾವು ಹೇಳುವ ಮಾತು. ನಂಬುವುದು ಬಿಡುವುದು ಎದುರಿನವರ ಕೈಲಿದೆ, ಅವರು ನೋಡುವುದು ಹಣ ಯಾರ ಕೈಯಿಂದ ಬಂತು ಎಂಬುದನ್ನು. ಪರದೇಶದಲ್ಲಿ ಕೆಲಸ ಮಾಡುವ ಯಾವುದೇ ಸಂಸ್ಥೆಗೆ ಈ ಪ್ರಕರಣದಲ್ಲಿ ಅತಿ ಉಪಯೋಗದ ಪುಟ ಆ ಹುಂಡಿಯ ಲೆಕ್ಕ. ಶಾಂತಿಯ ಕಾಲದಲ್ಲಿ ಅನುಕೂಲ ನೋಡಿ ಮಾಡಿಕೊಂಡ ಏರ್ಪಾಡು ಯುದ್ಧದ ಕಾಲದಲ್ಲಿ ಹೇಗೆ ಓದಿಸಿಕೊಳ್ಳುತ್ತದೆ ಎಂದು ಯಾರೂ ಯೋಚಿಸಿರಲಿಲ್ಲ.

ಇನ್ನೊಂದು ವಿಷಯಕ್ಕೆ ಹೊಗಳುವವರು ಜಾಸ್ತಿ ಗಮನ ಕೊಡುವುದಿಲ್ಲ. ಇವರನ್ನು ಬದುಕಿಸಿದವರಲ್ಲಿ ಮುಕ್ಕಾಲು ಪಾಲು ಇವರ ಧರ್ಮದವರಲ್ಲ. ಬೌದ್ಧ ಮುದುಕ, ಬಂಗಾಳಿ ಅಡುಗೆಯವ, ರುಮಾಲು ಹರಿದ ಆಳು, ಹಾಲು ಕೊಟ್ಟ ಹಳ್ಳಿಯ ತಾಯಂದಿರು. ಆಗ ಅವರಲ್ಲಿ ಯಾರಿಗೂ ಮತಾಂತರದ ಗೊಡವೆ ಇರಲಿಲ್ಲ. ಅವರಿಲ್ಲದೆ ಈ ಸಾಹಸದ ಕಥೆ ಜೂನ್‌ನಲ್ಲೇ ಮುಗಿಯುತ್ತಿತ್ತು.

ಗಂಡನ ಬಗ್ಗೆಯೂ ಒಂದು ಮಾತು. ಜೈಲಿನಲ್ಲಿ ನರಳಿದವನು ಅವನು ಎಂದು ಎಲ್ಲರೂ ಬರೆಯುತ್ತಾರೆ. ಆದರೆ ಆ ಕಾಲದಲ್ಲಿ ನಿರ್ಧಾರಗಳನ್ನು ಮಾಡಿದ್ದು ಆಕೆ, ಮೈ ಸವೆದದ್ದೂ ಆಕೆಯದೇ. ಅದರ ಲೆಕ್ಕ ಬಿಡುಗಡೆಯ ದಿನ ಯಾರಿಗೂ ಕಾಣಲಿಲ್ಲ.

ಕೊನೆಯ ನಿರ್ಧಾರ

1826ರ ಜುಲೈ ಮೊದಲ ವಾರ. ಬ್ರಿಟಿಷರ ಹೊಸ ಊರು ಆಮ್‌ಹರ್ಸ್ಟ್‌ಗೆ ಹೆಂಡತಿ ಮಗುವನ್ನು ಕರೆತಂದು ಇಳಿಸಿದ. ಮನೆ ಇನ್ನೂ ಕಟ್ಟಬೇಕಿತ್ತು. ಅಷ್ಟರಲ್ಲಿ ಕಂಪನಿಯ ರಾಯಭಾರಿ ಜಾನ್ ಕ್ರಾಫರ್ಡ್ ಆವಾಕ್ಕೆ ವ್ಯಾಪಾರದ ಒಪ್ಪಂದಕ್ಕೆ ಹೊರಟಿದ್ದ, ದುಭಾಷಿ ಬೇಕಿತ್ತು. ಮೊದಲು ಒಲ್ಲೆ ಎಂದವನು, ಧರ್ಮ ಸ್ವಾತಂತ್ರ್ಯದ ಒಂದು ಮಾತನ್ನು ಒಪ್ಪಂದದಲ್ಲಿ ಸೇರಿಸಲು ಪ್ರಯತ್ನಿಸುತ್ತೇವೆ ಎಂದಾಗ ಒಪ್ಪಿದ. ಹೋಗಿ ಬಾ ಎಂದು ಆಕೆಯೂ ಹೇಳಿದಳು. ಇಷ್ಟು ದಿನ ಕಂಪನಿಗೂ ನಮಗೂ ಸಂಬಂಧವಿಲ್ಲ ಎಂದವನು ಈಗ ನಿಜವಾಗಿಯೂ ಕಂಪನಿಯ ಕೆಲಸಕ್ಕೆ ಹೊರಟ.

ಅಕ್ಟೋಬರ್‌ನಲ್ಲಿ ಆಕೆಗೆ ಜ್ವರ ಬಂತು. ಸೈನ್ಯದ ವೈದ್ಯ ನೋಡಿದ. ಔಂಗ್‌ಬಿನ್ಲೆಯಲ್ಲಿ ಖಾಲಿಯಾದ ಮೈಯಲ್ಲಿ ತಡೆದುಕೊಳ್ಳಲು ಏನೂ ಉಳಿದಿರಲಿಲ್ಲ. ಗುರು ಬರುವುದು ತಡವಾಯಿತು, ಮಗುವನ್ನು ಬಿಟ್ಟು ಒಬ್ಬಳೇ ಹೋಗಬೇಕು ಎಂದಳು. 24ರ ಸಂಜೆ ತೀರಿಕೊಂಡಳು. ಬಾಯಿಂದ ಬಂದ ಕೊನೆಯ ಉದ್ಗಾರ ಬರ್ಮೀಯಲ್ಲಿತ್ತು.

ನವೆಂಬರ್‌ನಲ್ಲಿ ಆವಾದ ಒಪ್ಪಂದಕ್ಕೆ ಸಹಿ ಬಿತ್ತು. ಧರ್ಮದ ಮಾತು ಅದರಲ್ಲಿ ಇರಲಿಲ್ಲ.

ಅದೇ ದಿನಗಳಲ್ಲಿ ಅವನ ಕೈಗೆ ಕಪ್ಪು ಮೊಹರಿನ ಒಂದು ಪತ್ರ ಬಂತು. ತಂದುಕೊಟ್ಟವನು, ಮಗು ಹೋದ ಸುದ್ದಿ ಹೇಳಬೇಕಾಗಿದೆ ಎಂದ. ಮಗು ತುಂಬ ದಿನದಿಂದ ಸೊರಗಿತ್ತು, ಅವನು ನಂಬಿದ. ಒಳಗೆ ಹೋಗಿ ಕೂತು, ಪಾಪ ಅವಳು ಒಬ್ಬಳೇ ಹೇಗೆ ತಡೆದುಕೊಂಡಳೋ ಎಂದುಕೊಳ್ಳುತ್ತಾ ಮೊಹರು ಒಡೆದ.